ನಷ್ಟಕ್ಕೆ ಮಾರಿ ಗೆದ್ದ ನಾಯ್ಸ್

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಹತ್ತಿ, ತೊಗರಿ ಬೆಳೆಯುವವರು ರೈತರು, ಬೆಲೆ ಕಟ್ಟುವವರು ಬೇರೆಯವರು. ಆದರೆ ಬೆಲೆಯನ್ನೇ ಆಯುಧ ಮಾಡಿಕೊಂಡು ಇಡೀ ಉದ್ಯಮವನ್ನು ಬೆಳೆಸಿದ ಎಂಜಿನಿಯರ್ ಒಬ್ಬರಿದ್ದರು. ಅವರೇ ರಾಬರ್ಟ್ ನಾಯ್ಸ್. ಬಿಇ ವಿದ್ಯಾರ್ಥಿಯಾದ ನನಗೆ ಚಿಪ್ ಕಂಡುಹಿಡಿದ ನಾಯ್ಸ್‌ಗಿಂತ ಅದಕ್ಕೆ ಬೆಲೆ ಕಟ್ಟಿದ ನಾಯ್ಸ್ ಹೆಚ್ಚು ಇಷ್ಟ.

ಅವರು ಹುಟ್ಟಿದ್ದು 1927ರಲ್ಲಿ, ಅಮೆರಿಕದ ಅಯೋವಾ ರಾಜ್ಯದಲ್ಲಿ. ತಂದೆ ಪಾದ್ರಿ. ಓದಿದ್ದು ಸಣ್ಣ ಊರಿನ ಗ್ರಿನೆಲ್ ಕಾಲೇಜಿನಲ್ಲಿ. 1953ರಲ್ಲಿ ಎಂಐಟಿಯಿಂದ ಪಿಎಚ್‌.ಡಿ ಪಡೆದರು. 1957ರಲ್ಲಿ ಏಳು ಸಹೋದ್ಯೋಗಿಗಳ ಜೊತೆ ಶಾಕ್ಲಿ ಪ್ರಯೋಗಾಲಯ ಬಿಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜಾಕ್ ಕಿಲ್ಬಿ ಮೊದಲ ಇಂಟಿಗ್ರೇಟೆಡ್ ಸರ್ಕಿಟ್ ಮಾಡಿ ತೋರಿಸಿದರೆ, ಅದನ್ನು ಕಾರ್ಖಾನೆಯಲ್ಲಿ ರಾಶಿ ರಾಶಿಯಾಗಿ ತಯಾರಿಸುವ ದಾರಿಯನ್ನು ಮರುವರ್ಷ ನಾಯ್ಸ್ ಕೊಟ್ಟರು.

ಆದರೆ ಕೊಳ್ಳುವವರೇ ಕಡಿಮೆ. ಸೇನೆ ಮತ್ತು ನಾಸಾ ಬಿಟ್ಟರೆ ಉಳಿದವರಿಗೆ ಚಿಪ್ ದುಬಾರಿ. ಬಿಡಿ ಟ್ರಾನ್ಸಿಸ್ಟರ್ ಜೋಡಿಸುವುದೇ ಅಗ್ಗವಾಗಿತ್ತು. 1960ರ ದಶಕದ ಮಧ್ಯದಲ್ಲಿ ನಾಯ್ಸ್ ದಿಟ್ಟ ನಿರ್ಧಾರ ಮಾಡಿದರು. ಬಿಡಿ ಭಾಗಗಳ ಒಟ್ಟು ಬೆಲೆಗಿಂತ, ಅಷ್ಟೇ ಏಕೆ, ತಮ್ಮ ತಯಾರಿಕಾ ವೆಚ್ಚಕ್ಕಿಂತಲೂ ಕಡಿಮೆಗೆ ಚಿಪ್ ಮಾರಿದರು. ಲೆಕ್ಕ ಸರಳ. ಹೆಚ್ಚು ತಯಾರಿಸಿದಷ್ಟೂ ಕೈ ಪಳಗುತ್ತದೆ, ಕೆಟ್ಟುಹೋಗುವ ಚಿಪ್ ಕಡಿಮೆಯಾಗುತ್ತವೆ, ವೆಚ್ಚ ತಾನಾಗಿ ಇಳಿಯುತ್ತದೆ. ಹಾಗೆಯೇ ಆಯಿತು. ಬೇಡಿಕೆ ಏರಿತು, ಪ್ರತಿಸ್ಪರ್ಧಿಗಳೂ ಬೆಲೆ ಇಳಿಸಲೇಬೇಕಾಯಿತು.

1968ರಲ್ಲಿ ಗಾರ್ಡನ್ ಮೂರ್ ಜೊತೆ ಇಂಟೆಲ್ ಸ್ಥಾಪಿಸಿದರು. ಮೆಮೊರಿ ಚಿಪ್ ಅದರ ಬಲವಾಗಿತ್ತು. 1980ರ ದಶಕದಲ್ಲಿ ಜಪಾನಿನ ಕಂಪನಿಗಳು ಅದೇ ಚಿಪ್ಪನ್ನು ಇನ್ನೂ ಅಗ್ಗವಾಗಿ ಕೊಟ್ಟವು. 1985ರಲ್ಲಿ ಇಂಟೆಲ್ ಡಿರ‍್ಯಾಮ್ ವ್ಯವಹಾರದಿಂದ ಹೊರಬಿತ್ತು. ವೆಚ್ಚಕ್ಕಿಂತ ಕಡಿಮೆಗೆ ಮಾರುವುದು ಅನ್ಯಾಯ ಎಂದು ಅಮೆರಿಕದ ಕಂಪನಿಗಳು ದೂರಿದವು. ನಾಯ್ಸ್ ಅವರ ಪರವಾಗಿ ವಾಷಿಂಗ್ಟನ್‌ಗೆ ಓಡಾಡಿದರು. 1986ರಲ್ಲಿ ಎರಡೂ ದೇಶಗಳ ಒಪ್ಪಂದವಾಯಿತು.

ತಾನು ಮಾಡಿದರೆ ಜಾಣತನ, ಬೇರೆಯವರು ಮಾಡಿದರೆ ಅನ್ಯಾಯವೇ? ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ನನಗೆ ಕಾಣುವ ವ್ಯತ್ಯಾಸ ಒಂದೇ. ಫೇರ್‌ಚೈಲ್ಡ್ ಬೆಲೆ ಇಳಿಸಿದಾಗ ಇಲ್ಲದ ಮಾರುಕಟ್ಟೆ ಹುಟ್ಟಿತು. 1985ರಲ್ಲಿ ಇದ್ದ ಮಾರುಕಟ್ಟೆಯಲ್ಲಿ ಯಾರು ಹೆಚ್ಚು ದಿನ ನಷ್ಟ ತಾಳುತ್ತಾರೆ ಎಂಬ ಪೈಪೋಟಿ ನಡೆಯಿತು. ಆದರೂ ನಾಯ್ಸ್ ಬರೀ ದೂರುತ್ತಾ ಕೂರಲಿಲ್ಲ. 60ನೇ ವಯಸ್ಸಿನಲ್ಲಿ, 1988ರಲ್ಲಿ, ಪ್ರತಿಸ್ಪರ್ಧಿ ಕಂಪನಿಗಳು ಒಟ್ಟಾಗಿ ತಯಾರಿಕಾ ತಂತ್ರ ಸುಧಾರಿಸಲು ಕಟ್ಟಿದ ಸೆಮಾಟೆಕ್‌ನ ಹೊಣೆ ಹೊತ್ತರು. ಆ ಕೆಲಸದಲ್ಲಿದ್ದಾಗಲೇ 1990ರ ಜೂನ್ 3ರಂದು ಹೃದಯಾಘಾತದಿಂದ ತೀರಿಕೊಂಡರು.

ಕಿಲ್ಬಿಯವರ ಕಂಪನಿ 1985ರಲ್ಲೇ ಬೆಂಗಳೂರಿಗೆ ಬಂತು. ಇಂದು ನಮ್ಮ ಭಾಗದ ಹುಡುಗ ಹುಡುಗಿಯರೂ ಚಿಪ್ ವಿನ್ಯಾಸದ ಕೆಲಸ ಹುಡುಕಿ ಆ ಊರಿನ ರೈಲು ಹತ್ತುತ್ತಾರೆ. ಗೆಳೆಯರೇ, ಸರ್ಕಿಟ್ ಬಿಡಿಸುವುದು ಕಲಿಯೋಣ. ಜೊತೆಗೆ ಒಂದು ವೇಫರ್‌ನಿಂದ ಎಷ್ಟು ಒಳ್ಳೆಯ ಚಿಪ್ ಬರುತ್ತವೆ, ಅದನ್ನು ಎಷ್ಟಕ್ಕೆ ಮಾರಬಹುದು ಎಂದು ಕೇಳುವುದನ್ನೂ ಕಲಿಯೋಣ.