ಪತ್ರಕ್ಕಿಂತ ಮೊದಲು ಬಂದ ಎಣ್ಣೆ

ಜಾರ್ಜ್ ಬರ್ನಾರ್ಡ್ ರೆನಾಲ್ಡ್ಸ್ ಪೆಟ್ರೋಲಿಯಂ ಇತಿಹಾಸದಲ್ಲಿ ದೊಡ್ಡ ಹೆಸರು. ಅವರು ನಮ್ಮ ಹಾಗೇ ಇಂಜಿನಿಯರಿಂಗ್ ಓದಿದವರು. ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿದ್ದ ರಾಯಲ್ ಇಂಡಿಯನ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು, ಭಾರತದಲ್ಲಿ ಪಿಡಬ್ಲ್ಯೂಡಿ ಕೆಲಸ ಮಾಡಿದ್ದರು.

1901ರಲ್ಲಿ ವಿಲಿಯಂ ನಾಕ್ಸ್ ಡಾರ್ಸಿ ಅನ್ನೋ ಶ್ರೀಮಂತರು ಪರ್ಷಿಯಾದ ಷಾ ಹತ್ತಿರ 60 ವರ್ಷಗಳ ತೈಲ ಹಕ್ಕು ಪಡೆದರು. ಡಾರ್ಸಿ ಆ ದೇಶಕ್ಕೆ ಕಾಲೇ ಇಡಲಿಲ್ಲ. ಬಿಸಿಲಲ್ಲಿ ಬೆಂದವರು ರೆನಾಲ್ಡ್ಸ್. ಮೊದಲು ಚಿಯಾ ಸುರ್ಖ್‌ನಲ್ಲಿ ಕೊರೆದರು. 1904ರಲ್ಲಿ ಸ್ವಲ್ಪ ಎಣ್ಣೆ ಬಂತು, ಆದ್ರೆ ಲಾಭ ಆಗುವಷ್ಟಲ್ಲ. ಡಾರ್ಸಿಯ ದುಡ್ಡು ಕರಗಿತು. 1905ರಲ್ಲಿ ಬರ್ಮಾ ಆಯಿಲ್ ಕಂಪನಿ ಕೈಜೋಡಿಸಿತು. ರೆನಾಲ್ಡ್ಸ್ ದಕ್ಷಿಣಕ್ಕೆ, ಜಾಗ್ರೋಸ್ ಬೆಟ್ಟಗಳ ಕಡೆ ಬಂದರು.

ಇಲ್ಲಿ ಸ್ವಲ್ಪ ಜಿಯಾಲಜಿ ಹೇಳಲೇಬೇಕು. ಅರೇಬಿಯನ್ ಪ್ಲೇಟ್ ಯುರೇಷಿಯನ್ ಪ್ಲೇಟನ್ನು ಒತ್ತುತ್ತಿರೋದ್ರಿಂದ, ಒಂದು ಕಾಲಕ್ಕೆ ಸಮುದ್ರದ ತಳದಲ್ಲಿ ಕೂತಿದ್ದ ಪದರಗಳು ತಳ್ಳಿದ ಕಂಬಳಿ ಥರ ಮಡಿಕೆ ಬಿದ್ದಿವೆ. ಆಳದಲ್ಲಿ, ಜೀವಿಗಳ ಅವಶೇಷ ತುಂಬಿದ ಪದರದಲ್ಲಿ ಎಣ್ಣೆ ಹುಟ್ಟುತ್ತೆ. ಅದು ಮೇಲೇರಿ ಅಸ್ಮಾರಿ ಅನ್ನೋ ಸುಣ್ಣಕಲ್ಲಿನ ಬಿರುಕುಗಳನ್ನು ಸೇರುತ್ತೆ. ಅದರ ಮೇಲೆ ಗಚ್ಸಾರಾನ್ ಪದರದ ಉಪ್ಪು ಮತ್ತು ಅನ್‌ಹೈಡ್ರೈಟ್, ಕುಕ್ಕರ್ ಮುಚ್ಚಳದ ಹಾಗೆ ಕೂತಿದೆ. ಹೀಗಾಗಿ ಮಡಿಕೆಯ ಗುಮ್ಮಟದಲ್ಲಿ ಎಣ್ಣೆ ಸಿಕ್ಕಿಬೀಳುತ್ತೆ. ಮುಚ್ಚಳದಲ್ಲಿ ಸಂದಿ ಇದ್ದ ಕಡೆ ನೆಲದ ಮೇಲೆ ಜಿನುಗುತ್ತೆ. ರೆನಾಲ್ಡ್ಸ್ ಕಾಲದಲ್ಲಿ ಈ ಪೂರ್ತಿ ಚಿತ್ರ ಯಾರ ಹತ್ರಾನೂ ಇರಲಿಲ್ಲ. ಅವರ ಮುಖ್ಯ ಸುಳಿವು ಆ ಜಿನುಗೇ.

ಮಸ್ಜಿದ್ ಸುಲೈಮಾನ್‌ನಲ್ಲಿ ಮೊದಲು ರಸ್ತೆಯನ್ನೇ ಮಾಡಬೇಕಾಯ್ತು. ಪಿಡಬ್ಲ್ಯೂಡಿ ಅನುಭವ ಅಲ್ಲಿ ಕೈಹಿಡಿದಿರಬೇಕು ಅಂತ ನಮಗನ್ನಿಸುತ್ತೆ. 1908ರ ಜನವರಿಯಲ್ಲಿ ಕೊರೆಯೋದು ಶುರುವಾಯ್ತು. ಆಗ ಅವರಿಗೆ ಐವತ್ತು ದಾಟಿತ್ತು. ಕಂಪನಿಯ ತಾಳ್ಮೆ ಮುಗಿದಿತ್ತು. 1600 ಅಡಿವರೆಗೂ ಎಣ್ಣೆ ಸಿಗದಿದ್ರೆ ಎಲ್ಲಾ ಬಿಚ್ಚಿಕೊಂಡು ಹೊರಡಿ ಅನ್ನೋ ಅರ್ಥದ ಪತ್ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನಿಂದ ಹೊರಟಿತ್ತು. ಪತ್ರ ಇನ್ನೂ ದಾರಿಯಲ್ಲಿರುವಾಗಲೇ, ಮೇ 26ರ ನಸುಕಿನಲ್ಲಿ, ಸುಮಾರು 1180 ಅಡಿ ಆಳದಿಂದ ಎಣ್ಣೆ ಡೆರಿಕ್‌ಗಿಂತ ಎತ್ತರಕ್ಕೆ ಚಿಮ್ಮಿತು.

1909ರಲ್ಲಿ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿ ಹುಟ್ಟಿತು. ಇವತ್ತಿನ ಬಿಪಿ ಅದೇ. ಒಪ್ಪಂದದ ಪ್ರಕಾರ ಪರ್ಷಿಯಾದ ಪಾಲು ಲಾಭದ 16% ಮಾತ್ರ. ಆ ಜಗಳ ಮುಂದೆ ದಶಕಗಟ್ಟಲೆ ನಡೀತು. ರೆನಾಲ್ಡ್ಸ್ ಅವರನ್ನು 1911ರಲ್ಲಿ 1000 ಪೌಂಡ್ ಕೊಟ್ಟು ಕೆಲಸದಿಂದ ತೆಗೆದರು. ಆಮೇಲೂ ಅವರು ಸುಮ್ಮನೆ ಕೂರಲಿಲ್ಲ, ವೆನೆಜುವೆಲಾದಲ್ಲಿ ಎಣ್ಣೆ ಹುಡುಕೋಕೆ ಹೋದರು. 1925ರಲ್ಲಿ ತೀರಿಕೊಂಡರು.

ಪ್ಲೇಸ್‌ಮೆಂಟ್ ಪ್ಯಾಕೇಜ್ ಬಗ್ಗೆ ದಿನವೂ ಮಾತಾಡೋ ನಮಗೆ ಆ 1000 ಪೌಂಡ್ ಯಾಕೋ ತಲೆಯಿಂದ ಹೋಗ್ತಿಲ್ಲ.