ಕೇಳಿ ಕಲಿತು ಹಂಚಿದ ಚಾವುಂಡರಾಯ

ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ಕ್ರಿ.ಶ. 890ರ ಸುಮಾರಿನ ಶಾಸನವೊಂದಿದೆ. ಬೆಂಗಳೂರೆಂಬ ಹೆಸರನ್ನು ಹೊತ್ತ ಆ ಕಲ್ಲು ಗಂಗ ಅರಸರ ಕಾಲದ್ದು. ಇಂದು ಕಾರ್ಖಾನೆ, ಕಚೇರಿಗಳಿಂದ ತುಂಬಿರುವ ಈ ನೆಲ ಅಂದು ಗಂಗವಾಡಿಯ ಭಾಗವಾಗಿತ್ತು. ಆ ಶಾಸನದ ನಂತರ ಒಂದು ಶತಮಾನ ಕಳೆಯುವುದರೊಳಗೆ ಗಂಗರಾಜ್ಯದ ಮಂತ್ರಿಯೂ ದಂಡನಾಯಕನೂ ಆಗಿ ಬೆಳಗಿದವನು ಚಾವುಂಡರಾಯ.

ಇಮ್ಮಡಿ ಮಾರಸಿಂಹ ಹಾಗೂ ರಾಚಮಲ್ಲರ ಆಳ್ವಿಕೆಯಲ್ಲಿ ಅವನು ಅನೇಕ ಯುದ್ಧಗಳನ್ನು ಗೆದ್ದನು. ಸಮರಪರಶುರಾಮ, ವೀರಮಾರ್ತಾಂಡ ಮುಂತಾದ ಬಿರುದುಗಳು ರಣರಂಗದಿಂದಲೇ ಬಂದವು. ಆದರೆ ಅವನ ಒಡೆಯ ಮಾರಸಿಂಹನು ಕೊನೆಗೆ ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಅದೇ ಅಜಿತಸೇನರು ಚಾವುಂಡರಾಯನಿಗೂ ಗುರುಗಳು. ಗೆದ್ದ ನೆಲ ಯಾರ ಸಂಗಡವೂ ಬರುವುದಿಲ್ಲವೆಂಬ ಪಾಠ ಅವನಿಗೆ ಅಷ್ಟು ಹತ್ತಿರದಲ್ಲಿಯೇ ಇತ್ತು.

ಅಧಿಕಾರ, ಅನುಭವ, ಕೀರ್ತಿ ಮೂರೂ ಕೂಡಿದ ವಯಸ್ಸಿನಲ್ಲಿ ಮನುಷ್ಯನಿಗೆ ಹೇಳುವ ಆಸೆ ಹೆಚ್ಚು, ಕೇಳುವ ತಾಳ್ಮೆ ಕಡಿಮೆ. ಜೈನಾಗಮವು ಸ್ವಾಧ್ಯಾಯಕ್ಕೆ ಐದು ಅಂಗಗಳನ್ನು ಹೇಳಿದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದು, ಪ್ರಶ್ನೆ, ಮನನ, ಪುನರಾವರ್ತನೆಗಳೆಲ್ಲ ಮುಗಿದ ಮೇಲೆಯೇ ಉಪದೇಶದ ಸರದಿ. ಚಾವುಂಡರಾಯನ ಬಾಳು ನಡೆದದ್ದು ಈ ಕ್ರಮದಲ್ಲಿ. ದಂಡನಾಯಕನಾಗಿದ್ದರೂ ಅವನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಮುಂದೆ ಶಿಷ್ಯನಾಗಿ ಕುಳಿತನು. ಅವನ ಜಿಜ್ಞಾಸೆಗೆ ಉತ್ತರವಾಗಿಯೇ ಅವರು ಪ್ರಾಕೃತದಲ್ಲಿ ಗೊಮ್ಮಟಸಾರವನ್ನು ರಚಿಸಿದರೆಂದು ಪರಂಪರೆ ನಂಬುತ್ತದೆ. ಗೊಮ್ಮಟ ಎಂಬುದು ಚಾವುಂಡರಾಯನದೇ ಇನ್ನೊಂದು ಹೆಸರು.

ಕೇಳಿ ತಿಳಿದದ್ದನ್ನು ಅವನು ತನ್ನಲ್ಲಿಯೇ ಇಟ್ಟುಕೊಳ್ಳಲಿಲ್ಲ. 978ರಲ್ಲಿ ಅರವತ್ತಮೂರು ಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದನು. ಚಂಪೂಕಾವ್ಯಗಳು ಮೆರೆಯುತ್ತಿದ್ದ ಕಾಲದಲ್ಲಿ ಗದ್ಯವನ್ನು ಆರಿಸಿಕೊಂಡದ್ದರಿಂದ, ಪಂಡಿತರಲ್ಲದವರಿಗೂ ಪುರಾಣದ ಬಾಗಿಲು ತೆರೆಯಿತು. ಆಚಾರಧರ್ಮವನ್ನು ತಿಳಿಸುವ ಚಾರಿತ್ರಸಾರವನ್ನು ಸಂಸ್ಕೃತದಲ್ಲಿ ರಚಿಸಿದನು. ಕವಿ ರನ್ನನಿಗೆ ಆಶ್ರಯವಿತ್ತನು. ಶಾಸ್ತ್ರದಾನವೆಂದರೆ ಇದೇ.

ತಾಯಿ ಕಾಳಲಾದೇವಿಯ ದರ್ಶನದ ಹಂಬಲವೇ ಶ್ರವಣಬೆಳಗೊಳದ ಐವತ್ತೆಂಟು ಅಡಿಯ ಬಾಹುಬಲಿಗೆ ಕಾರಣವಾಯಿತೆಂಬ ಐತಿಹ್ಯವಿದೆ. ಅಲ್ಲಿಯೇ ಅವನಿಗೆ ಇನ್ನೊಂದು ಪಾಠ ಕಾದಿತ್ತು. ಮೊದಲ ಅಭಿಷೇಕಕ್ಕೆ ಅವನು ತಂದ ಕೊಡಗಟ್ಟಲೆ ಹಾಲು ಮೂರ್ತಿಯ ತೊಡೆಯಿಂದ ಕೆಳಗೆ ಇಳಿಯಲಿಲ್ಲವಂತೆ. ಗುಳ್ಳಕಾಯಿಯಲ್ಲಿ ತುಸು ಹಾಲು ಹಿಡಿದು ನಿಂತಿದ್ದ ಮುದುಕಿಗೆ ಅವಕಾಶವಿತ್ತಾಗ, ಆ ಹಾಲೇ ಅಡಿಯವರೆಗೂ ಹರಿಯಿತಂತೆ. ಮಾನಕಷಾಯವನ್ನು ಅರಿತ ಚಾವುಂಡರಾಯನು ತಲೆಬಾಗಿದನು. ಗುಳ್ಳಕಾಯಜ್ಜಿಯ ಮೂರ್ತಿ ಇಂದಿಗೂ ಬಾಹುಬಲಿಗೆ ಎದುರಾಗಿ ನಿಂತಿದೆ. ಉಪದೇಶದ ಒಂದು ಮಾತನ್ನೂ ಆಡದೆ ಆ ಅಜ್ಜಿ ದಂಡನಾಯಕನಿಗೆ ಗುರುವಾದಳು.

ಅದೇ ವಿಂಧ್ಯಗಿರಿಯಲ್ಲಿ ತ್ಯಾಗದ ಕಂಬವೆಂಬ ಸುಂದರ ಸ್ತಂಭವಿದೆ. ಅದರ ಮೇಲೆ ಚಾವುಂಡರಾಯನ ಪರಾಕ್ರಮವನ್ನು ವರ್ಣಿಸುವ ಶಾಸನವಿತ್ತು. ಸುಮಾರು 1200ರ ಹೊತ್ತಿಗೆ ಹೆಗ್ಗಡೆ ಕಣ್ಣನೆಂಬವನು ತನ್ನ ಪುಟ್ಟ ಬರಹಕ್ಕಾಗಿ ಅದರ ಬಹುಭಾಗವನ್ನು ಅಳಿಸಿಹಾಕಿದನು. ಕಲ್ಲಿನಲ್ಲಿ ಕೊರೆದ ಯುದ್ಧಗಳ ವರ್ಣನೆ ಹೀಗೆ ಅಳಿಯಿತು. ತಾಳೆಗರಿಯಲ್ಲಿ ಬರೆದು ಹಂಚಿದ ಪುರಾಣ ಕೈಯಿಂದ ಕೈಗೆ ಸಾಗಿ ಉಳಿಯಿತು. ಅವನ ಮಗ ಜಿನದೇವಣನೂ ಚಂದ್ರಗಿರಿಯ ಚಾವುಂಡರಾಯ ಬಸದಿಗೆ ಮೇಲಂತಸ್ತನ್ನು ಕಟ್ಟಿಸಿ ಮನೆತನದ ಧರ್ಮವನ್ನು ಮುಂದುವರಿಸಿದನು.

ಪೀಣ್ಯದ ಯಂತ್ರಶಾಲೆಯಿಂದಲೋ ವೈಟ್‌ಫೀಲ್ಡಿನ ಕಚೇರಿಯಿಂದಲೋ ನಿವೃತ್ತರಾದ ಹಿರಿಯರ ಬಳಿಯೂ ದಶಕಗಳ ಅನುಭವವಿರುತ್ತದೆ. ಹಿಂದೆ ಹೊಂದಿದ್ದ ಹುದ್ದೆಯ ಹಿರಿಮೆಯನ್ನು ಅದರೊಡನೆ ಬೆರೆಸಿದರೆ, ಕೊಡಗಟ್ಟಲೆ ಸುರಿದರೂ ಅದು ಕೆಳಗಿಳಿಯದು. ಕಿರಿಯರ ಪ್ರಶ್ನೆಯನ್ನು ಮೊದಲು ಕೇಳಿ, ಅವರಿಗೆ ತಿಳಿಯುವ ಮಾತಿನಲ್ಲಿ, ಬೇಕಾದಷ್ಟನ್ನೇ ಕೊಟ್ಟರೆ ಗುಳ್ಳಕಾಯಿಯಷ್ಟು ತಿಳಿವೂ ಸಾಕಾಗುತ್ತದೆ.