ಮನೆಮಾತು ಮರಾಠಿ, ಕವಿಮಾತು ಕನ್ನಡ

ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಬಸ್ಸಿನಲ್ಲಿ ಬರುವ ನಮ್ಮಂಥವರಿಗೆ ಪುಣೆ ಅಂದರೆ ಮೊದಲು ಕಾತ್ರಜ. ಅಲ್ಲಿ ಇಳಿದು ನಾಲ್ಕು ಮಾತಾಡುವಷ್ಟರಲ್ಲಿ ನಾವು ಪರಊರಿನವರೆಂದು ಚಹಾದ ಅಂಗಡಿಯವನಿಗೂ ತಿಳಿಯುತ್ತದೆ. ಆದರೆ ಒಂದು ನೂರು ವರ್ಷದ ಹಿಂದೆ ಧಾರವಾಡದಿಂದ ಇದೇ ಪುಣೆಗೆ ಓದಲು ಬಂದ ಒಬ್ಬ ಹುಡುಗನಿಗೆ ಈ ತೊಂದರೆ ಇರಲಿಲ್ಲ. ಅವನ ಮನೆಮಾತೇ ಮರಾಠಿ. ಅವನೇ ಮುಂದೆ ವರಕವಿಯಾದ ದ.ರಾ. ಬೇಂದ್ರೆ!

ಬೇಂದ್ರೆಯವರು ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಆ ಊರು ಆಗ ಮುಂಬಯಿ ಇಲಾಖೆಯಲ್ಲಿತ್ತು. ಮರಾಠಿಗೆ ದೊಡ್ಡ ಮಾನ. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು, ಮನೆಯಲ್ಲಿ ಬಡತನ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದರು. ಮನಸ್ಸು ಮಾಡಿದ್ದರೆ ಇಲ್ಲೇ ನಿಂತು ಮರಾಠಿ ಕವಿಯಾಗಬಹುದಿತ್ತು, ಯಾರೂ ಬೇಡ ಅಂತಿರಲಿಲ್ಲ. ಅವರು ಧಾರವಾಡಕ್ಕೆ ಹೋಗಿ ಮಾಸ್ತರರಾದರು. ಓಣಿಯಲ್ಲಿ, ಸಂತೆಯಲ್ಲಿ ಕೇಳಿದ ಕನ್ನಡದಲ್ಲೇ ಬರೆದರು.

ಹಾಗಂತ ಮನೆಮಾತನ್ನು ಹೊಸಿಲಾಚೆ ಹಾಕಲಿಲ್ಲ ನೋಡಿ. ಅವರ ಕಾವ್ಯನಾಮ ಅಂಬಿಕಾತನಯದತ್ತ, ಅಂದರೆ ಅಂಬಿಕೆಯ ಮಗ ದತ್ತ. ಮರಾಠಿ ಮಾತಾಡುವ ಆ ತಾಯಿಯ ಹೆಸರು ಕನ್ನಡ ಕವಿತೆಯ ಕೆಳಗೆ ಕೊನೆತನಕ ಇತ್ತು. ನಮ್ಮಲ್ಲಿ ಕೆಲವರು ಬಸ್ಸಿನಲ್ಲಿ ಕನ್ನಡ ಆಡಲು ನಾಚುತ್ತಾರೆ. ಇನ್ನು ಕೆಲವರು ಮೂರು ವರ್ಷ ಇದ್ದೂ ಮರಾಠಿ ಕಲಿಯುವುದಿಲ್ಲ ಅಂತ ಹಟ ಹಿಡಿಯುತ್ತಾರೆ. ಇಬ್ಬರೂ ಬೇಂದ್ರೆಯವರನ್ನು ಓದಿಲ್ಲವೆಂದೇ ನನ್ನ ಅನಿಸಿಕೆ.

1932ರಲ್ಲಿ 'ಗರಿ' ಸಂಕಲನ ಬಂತು. ಅದರೊಳಗಿನ 'ನರಬಲಿ' ಕವನಕ್ಕಾಗಿ ಬ್ರಿಟಿಷ್ ಸರಕಾರ ಅವರನ್ನು ಜೈಲಿಗೆ ಕಳಿಸಿತು. ಆಮೇಲೆ ಬಹಳ ವರ್ಷ ಗಟ್ಟಿ ನೌಕರಿ ಇಲ್ಲ. ಕೊನೆಗೆ ಅನ್ನ ಕೊಟ್ಟದ್ದು ಸೊಲ್ಲಾಪುರ. ಅದು ವಚನಕಾರ ಸಿದ್ಧರಾಮನ ಸೊನ್ನಲಿಗೆ. ಮರಾಠಿ, ಕನ್ನಡ, ತೆಲುಗು, ಉರ್ದು ಒಂದೇ ಪೇಟೆಯಲ್ಲಿ ಕೇಳುವ ಊರು. ಅಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ 1944ರಿಂದ 1956ರವರೆಗೆ ಕನ್ನಡ ಕಲಿಸಿದರು. ಅವರು ಬಿಟ್ಟ ವರ್ಷವೇ ಭಾಷಾವಾರು ರಾಜ್ಯಗಳಾದವು. ಧಾರವಾಡ ಮೈಸೂರು ರಾಜ್ಯಕ್ಕೆ ಬಂತು, ಸೊಲ್ಲಾಪುರ ಆಚೆಗೇ ಉಳಿಯಿತು. ಕರ್ನಾಟಕ ಒಂದಾಗಲಿ ಎಂದು ದುಡಿದವರಲ್ಲಿ ಬೇಂದ್ರೆಯವರೂ ಒಬ್ಬರು. ಆದರೂ ಮರಾಠಿಯ ಮೇಲೆ ಮುನಿಸಿಲ್ಲ! 'ಸಂವಾದ' ಎಂಬ ಅವರ ಮರಾಠಿ ಕೃತಿಗೆ 1965ರಲ್ಲಿ ಕೇಳಕರ ಬಹುಮಾನ ಬಂತು. ಕನ್ನಡದ 'ನಾಕುತಂತಿ'ಗೆ 1973ರ ಜ್ಞಾನಪೀಠ.

ಬೇಂದ್ರೆಯವರು ತೀರಿಕೊಂಡದ್ದು 1981ರ ಅಕ್ಟೋಬರ್ 26ರಂದು, ಮುಂಬಯಿಯಲ್ಲಿ.